ವೆಂಕಟಮ್ಮ ಮುಟ್ಟದ ಎಲೆ

ಮೀಟಿಂಗಿನಲ್ಲಿ ತಲೆಯಾಡಿಸುವುದಕ್ಕೇ ಬಡ್ತಿ ಕೊಡುವುದಾಗಿದ್ದರೆ ಸಿದ್ರಾಮ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರಬೇಕಿತ್ತು. ವೈಟ್‌ಫೀಲ್ಡಿನ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಅವನು, 'ಒಲ್ಲೆ' ಎಂಬ ಮಾತನ್ನು ತನ್ನೂರು ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಿದ್ದ. ಅಂಥವನ ಕೈಗೆ, ಹೂಡಿಯಲ್ಲಿ ಅವನಿಗೆ ಕೋಣೆ ಬಾಡಿಗೆ ಕೊಟ್ಟಿದ್ದ ವೆಂಕಟಮ್ಮ ಒಂದು ಶನಿವಾರ ಇಂಗ್ಲಿಷ್ ನೋಟೀಸು ಕೊಟ್ಟರು.

"ಏನೈತಪ್ಪಾ ಇದ್ರಾಗೆ?"

"ಪಕ್ಕದ ಅಪಾರ್ಟ್‌ಮೆಂಟ್‌ನವ್ರು ನಮ್ಮ ಸಂದಿಗೆ ಗೇಟ್ ಹಾಕಿ ಬೀಗ ಹಾಕ್ತಾರಂತ್ರೀ ಅವ್ವ. ಯಾರೂ ಬ್ಯಾಡ ಅಂದಿಲ್ಲಂತ. ಡಿಸಗ್ರೀ ಮಾಡೋರು ನಾಳಿ ಮೀಟಿಂಗಿಗೆ ಬರದು ಕೊಡಬೇಕಂತ."

"ಬೇಡ ಅಂದಿಲ್ವಾ? ಆ ಸೆಕ್ರೆಟ್ರಿ ಎಲೆ ಅಡಿಕೆ ತಂದಾಗ ನಾನು ಮುಟ್ನಾ?"

ಮುಟ್ಟಿರಲಿಲ್ಲ; ಸಿದ್ರಾಮ ಕಣ್ಣಾರೆ ಕಂಡಿದ್ದ. ಗೇಟಿಗೆ ಒಪ್ಪಿಗೆ ಕೇಳಲು ಹಳೇ ಮನೆಯವರ ಬಳಿ ತಾಂಬೂಲ ಹಿಡಿದು ಹೋಗಬೇಕೆಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಯಾರೋ ಹೇಳಿಕೊಟ್ಟಿದ್ದರು. ಅರ್ಧ ಮಾತ್ರ ಹೇಳಿಕೊಟ್ಟಿದ್ದರು; ಎಲೆ ಮುಟ್ಟದಿದ್ದರೆ ಏನರ್ಥವೆಂದು ಹೇಳಿರಲಿಲ್ಲ. ವೆಂಕಟಮ್ಮ ಕಾಫಿ ಕೊಟ್ಟರು, ಮಕ್ಕಳ ಕುಶಲ ಕೇಳಿದರು, ಎಲೆ ತಟ್ಟೆಯಲ್ಲೇ ಬಾಡಲು ಬಿಟ್ಟರು. ಬಂದವರ ಮುಖಕ್ಕೆ 'ಆಗಲ್ಲ' ಅನ್ನುವುದುಂಟೆ? ಅವರ ಕಾಲದಲ್ಲಿ ಮದುವೆ ಸಂಬಂಧಗಳೂ ಹಾಗೆಯೇ ಸದ್ದಿಲ್ಲದೆ ವಾಪಸಾಗುತ್ತಿದ್ದವು. ಸೆಕ್ರೆಟರಿ ಮಾತ್ರ "ಆಂಟಿ ಸಕ್ಕತ್ ಸ್ವೀಟು" ಎಂದು ಹಿಗ್ಗಿಕೊಂಡೇ ಹೋಗಿದ್ದ.

ಸಂದಿಯ ಆಚೆ ತುದಿಯಲ್ಲಿ ದೇವಕ್ಕನ ಮನೆ. ಅವರೂ ವೆಂಕಟಮ್ಮನೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ರಾಗಿ ಹೊಲದಲ್ಲಿ ಬಾಡಿಗೆ ಕೋಣೆಗಳು ಎದ್ದವು, ಗಂಡಂದಿರು ಹೋದರು, ಮಂಡಿಗಳೂ ಕೈಕೊಟ್ಟವು. ಆದರೂ ದೇವಕ್ಕ ದಿನಾ ಬೆಳಿಗ್ಗೆ ಗೋಡೆ ಹಿಡಿದು ಬಂದು, ಸಾರಿನ ಉಪ್ಪಿನಿಂದ ಹಿಡಿದು ಮಳೆಯವರೆಗೆ ವಾದ ಮಾಡಿ ಹೋಗುತ್ತಿದ್ದರು. ಗೇಟಿಗೆ ಬೀಗ ಬಿದ್ದರೆ ಮೇನ್ ರೋಡು ಸುತ್ತಬೇಕು. ಕಂಪನಿ ಬಸ್ಸು, ನೀರಿನ ಟ್ಯಾಂಕರುಗಳ ನಡುವೆ ಆ ಮಂಡಿ ಬರುವುದಿಲ್ಲ.

ಸಿದ್ರಾಮ ಇಂಗ್ಲಿಷಿನಲ್ಲಿ ಪತ್ರ ಬರೆದ. 'ತಮ್ಮ ಯೋಜನೆ ಬಹಳ ಚೆನ್ನಾಗಿದೆ, ನಮ್ಮ ಪೂರ್ಣ ಸಹಕಾರವಿದೆ, ಆದರೂ...' ವೆಂಕಟಮ್ಮ ಕನ್ನಡದಲ್ಲಿ ಹೇಳಿಸಿಕೊಂಡರು.

"ಇದು ಬೇಡ ಅನ್ನೋ ಕಾಗ್ದಾನೋ, ಲಗ್ನಪತ್ರಿಕೆನೋ? ಆ ಡಿಸಗ್ರೀ ಅಂದ್ರೇನು, ಸರಿಯಾಗಿ ಏಳು."

ಅವನು ಫೋನಿನಲ್ಲಿ ಹುಡುಕಿದ. "ಒಪ್ಪದೇ ಇರೋದ್ರೀ. ಎರಡು ಲೆಕ್ಕ ತಾಳೆ ಆಗ್ಲಿಲ್ಲಂದ್ರೂ ಅದೇ ಅಂತಾರ. ತಿಂದಿದ್ದು ಹೊಟ್ಟಿಗಿ ಒಗ್ಗಲಿಲ್ಲಂದ್ರೂ ಅದೇ."

"ದೇವಕ್ಕನ ಉಳ್ಳಿಕಾಳ್ ಸಾರು! ಮತ್ತೆ, ಅಂಗಂದ್ಮೇಲೆ ಮಾತು ಬಿಡ್ಬೇಕಾ?"

"ಇಲ್ರೀ. ಚಲೋ ಇದ್ಕೊಂತನೂ ಮಾಡಬಹುದು."

"ಅಂಗಾದ್ರೆ ನಾವಿಬ್ರೂ ಐವತ್ತು ವರ್ಷದಿಂದ ಅದನ್ನೇ ಮಾಡ್ತಿರೋದು. ಬರಿ."

ಭಾನುವಾರದ ಮೀಟಿಂಗಿನಲ್ಲಿ ಸೆಕ್ರೆಟರಿ ಪತ್ರ ಓದಿ ಕಣ್ಣರಳಿಸಿದ. "ಆಂಟಿ, ಅವತ್ತು ಒಪ್ಕೊಂಡ್ರಲ್ಲ?"

ಎದುರಿಗೆ ನಿಂತವನಿಗೆ 'ಆಗಲ್ಲ' ಎಂದು ಹೇಗೆ ಅನ್ನುವುದು? ವೆಂಕಟಮ್ಮ ಸಿದ್ರಾಮನತ್ತ ನೋಡಿದರು. ಸಿದ್ರಾಮ ಬಾಗಿಲಿನತ್ತ ನೋಡಿದ. ಆಮೇಲೆ ಅವನ ಗಂಟಲಿನಿಂದ, ಅವನದಲ್ಲವೇನೋ ಅನ್ನುವಂಥ ಕೀರಲು ದನಿ ಹೊರಟಿತು.

"ಡಿಸಗ್ರೀ, ಸಾರ್. ಅವ್ವ ಎಲಿ ಮುಟ್ಟಿಲ್ರೀ. ಅಂದ್ರ ಒಲ್ಲೆ ಅಂತ. ಗೇಟ್ ಹಾಕಿದ್ರ ಅವ್ರ ಗೆಳತಿ ಬರೋದು ನಿಲ್ತದ್ರೀ."

ಸೆಕ್ರೆಟರಿ ಪೆಚ್ಚಾದ. "ಅವತ್ತೇ ಹೇಳ್ಬಾರ್ದಾ ಆಂಟಿ?"

"ಏಳಿದ್ನಲ್ಲಪ್ಪಾ" ಎಂದರು ವೆಂಕಟಮ್ಮ, ಮೆಲ್ಲಗೆ.

ಗೇಟಿನಲ್ಲೇ ಬೀಗವಿಲ್ಲದ ಒಂದು ಪುಟ್ಟ ಬಾಗಿಲು ಇಡುವುದೆಂದು ತೀರ್ಮಾನವಾಯಿತು.

ಮೊದಲ ದಿನ ಅದರಲ್ಲಿ ತೂರಿ ಬಂದ ದೇವಕ್ಕ ಜಗಲಿಯಲ್ಲಿ ಕುಸಿದು ಕೂತರು. "ಏನೇ, ಕೋಳಿಗೂಡಿಗೆ ಮಾಡ್ಸಿದ್ ಬಾಗ್ಲಾ ಇದು?"

"ನೀನು ತೂರಿದ್ಮೇಲೆ ಆನೇನೂ ತೂರ್ತದೆ ಬಿಡು."

"ನೀನೇ ಏಳೋ ಸಿದ್ರಾಮ, ಚಿಕ್ಕದಲ್ವಾ?"

ಸಿದ್ರಾಮ ಹೌದೆಂದು ದೇವಕ್ಕನಿಗೆ ತಲೆಯಾಡಿಸಿದ. ಅಲ್ಲವೆಂದು ವೆಂಕಟಮ್ಮನಿಗೂ ಆಡಿಸಿದ. ವೆಂಕಟಮ್ಮ ಅವನನ್ನು ಗದರುತ್ತಲೇ ಎಲೆತಟ್ಟೆಯನ್ನು ಗೆಳತಿಯ ಕಡೆ ತಳ್ಳಿದರು. ದೇವಕ್ಕ ಬಾಗಿಲನ್ನು ಬೈಯುತ್ತಲೇ ಒಂದೆಲೆ ಎತ್ತಿಕೊಂಡು, ತೊಟ್ಟು ಮುರಿದು, ಸುಣ್ಣ ಸವರಿದರು.