ಹಳದಿ ಹಾಲಿಗೆ ಪೂರ್ತಿ ಮಾರ್ಕು

ಮಗು ಅಳುತ್ತಿದೆ, ನನ್ನ ಕೈ ಮಾತ್ರ ಮೇಲೇಳುತ್ತಿಲ್ಲ ಎಂದು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು, ಸ್ನೇಹಿತರೇ. ನಿನ್ನೆ ಕುಂದಾಪುರದ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಯಿತು. ನಮ್ಮ ಮನೆಯ ಕ್ರಮದಂತೆ ನಾನೇ ಮಗಳ ಎದೆಯ ಮೊದಲ ಹಳದಿ ಹಾಲು ಹಿಂಡಿ ಚೆಲ್ಲಿಸಿ, ಮಗುವಿಗೆ ಜೇನು ನೆಕ್ಕಿಸಿದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತು ನೋಡಿದ್ದಳು.

ಇವತ್ತು ಅವಳ ಟೀಚರ್ ನಮ್ಮ ಮಂಚದ ಬಳಿಯೇ ಅವಳಿಗೆ ಪರೀಕ್ಷೆಯ ಪ್ರಶ್ನೆ ಕೇಳಿದರು. “ಹಳದಿ ಹಾಲು ಕುಡಿಸಲೇಬೇಕು, ಜೇನು ಕೊಡಬಾರದು” ಎಂದು ಹುಡುಗಿ ಒಂದೇ ಉಸಿರಿಗೆ ಹೇಳಿ ಪೂರ್ತಿ ಮಾರ್ಕು ತೆಗೆದುಕೊಂಡಳು. ಟೀಚರ್ ಆಚೆ ಹೋದದ್ದೇ ಹುಡುಗಿಯನ್ನು ಹತ್ತಿರ ಕರೆದು ಕೇಳಿದೆ.

“ಹೆಣೆ, ನಿನ್ನೆ ಎಂತಕ್ ಹೇಳ್ಲಿಲ್ಲೆ?”

“ನೀವ್ ದೊಡ್ಡೋರ್ ಅಮ್ಮಾ, ಹ್ಯಾಂಗ್ ಹೇಳುದ್?”

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಎಂಥಾ ಮರ್ಯಾದೆ! ಮಗು ಬೆಳಗಿನಿಂದ ಎದೆ ಕಚ್ಚುತ್ತಿಲ್ಲ. ಆ ಹುಡುಗಿ ಇವತ್ತು ಬರೆದ ಮಗುವಿನ ತೂಕವೂ ನಿನ್ನೆಗಿಂತ ಕಡಿಮೆಯಿದೆ.

“ಮಾರ್ಕ್ ಸಿಕ್ತಲ್ದಾ ಮಗಾ, ತೂಕ ಇನ್ನೊಂದ್ಸಲ ಕಾಣ್” ಎಂದೆ.