ಬಡಿಸಿದ ಆಯಿಲ್

ಕಾಚಿಗೂಡದ ನನ್ನ ಗೆಳೆಯ ಶೇಷಗಿರಿ ಊಟಕ್ಕೆ ಕೂತವರಿಗೆ ಬೇಡವೆಂದರೂ ಬಡಿಸುವ ಆಸಾಮಿ. ತನ್ನ ಹಳೆಯ ಪುಟ್ಟ ಕಾರಿಗೂ ಹಾಗೆಯೇ ಮಾಡಿದ. ಇಂಜಿನ್ ಆಯಿಲ್ ತಾನೇ ಬದಲಿಸಲು ಹೋಗಿ, ಮೂರು ಲೀಟರ್ ಸಾಕಾಗುವಲ್ಲಿ ನಾಲ್ಕು ಸುರಿದ. ಕಾರು ದಟ್ಟ ಹೊಗೆ ಉಗುಳಿತು. ಇಂಜಿನ್ ಸತ್ತಿತು, ಇನ್ನು ಗುಜರಿಯೇ ಗತಿ ಎಂದು ಶೇಷಗಿರಿ ಮನೆಯ ಮೆಟ್ಟಿಲ ಮೇಲೆ ಕುಸಿದ. ನಾನು ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಬೀದರ್ ಕಡೆಯ ಮೆಕ್ಯಾನಿಕ್ ಖಾಸಿಮನನ್ನು ಕರೆತಂದೆ. ಅವನು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ ನಕ್ಕ.

“ರಾವ್‌ಸಾಹೇಬ್ರ, ಇದೇನ್ ಹೋಳಿಗಿ ಮ್ಯಾಲಿನ ತುಪ್ಪ ಏನ್ರಿ? ಗೀಟು ದಾಟಿ ಹಾಕಬಾರದ್ರಿ.”

“ಹಳೇ ಗಾಡಿ, ಹಸಿವಿ ಜಾಸ್ತಿ ಇರ್ತದಂತ ತಿಳಿದೆ,” ಎಂದ ಶೇಷಗಿರಿ.

“ನನಗಂತೂ ಇಷ್ಟು ಉಪಚಾರ ಮಾಡಿಲ್ಲ ನೋಡ್ರಿ,” ಎಂದಳು ಅವನ ಹೆಂಡತಿ ಕೋಕಿಲಾ.

ಖಾಸಿಂ ಹೆಚ್ಚಿನ ಆಯಿಲ್ ಇಳಿಸಿದ. ಮತ್ತೆ ಇಂಜಿನ್ ಚಾಲೂ ಮಾಡಿದಾಗ ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು. ಶೇಷಗಿರಿ ಎದ್ದು ಅವನಿಗೆ ಕೈಮುಗಿದ. ತೆಲಂಗಾಣ ಚಳವಳಿಯಲ್ಲಿ ನಾನೂ ಶೇಷಗಿರಿಯೂ ಪೊಲೀಸರ ಲಾಠಿ ತಿಂದ ದಿನವೂ ಅವನು ಯಾರಿಗೂ ಕೈಮುಗಿದಿರಲಿಲ್ಲ.