ಹನ್ನೊಂದು ಹೆಂಚಿನ ಪಾಳಿ

ಪ್ರವಾಸ ಕಥನ ಬರೆಯುವವರು ಕಾಶಿಗೋ ಕಾಶ್ಮೀರಕ್ಕೋ ಹೋಗಿ ಬಂದಿರುತ್ತಾರೆ. ನಾನು ಹೋಗಿದ್ದು ಬಂಗಾರಪೇಟೆಯಿಂದ ಕೆಜಿಎಫ್‌ನ ಉರಿಗಾಂಗೆ. ಟಿಕೆಟ್ಟು ಹತ್ತು ರೂಪಾಯಿ, ಪ್ರಯಾಣ ಅರ್ಧ ಗಂಟೆಯೂ ಇಲ್ಲ. ಆ ರೈಲಿನ ಕೂಗನ್ನು ಬಾಯಲ್ಲೇ ಕೂಗಿ ಎಷ್ಟೋ ಮದುವೆಮನೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದವನು ನಾನು. ಅದು ಹೋಗುವ ದಿಕ್ಕಿಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ನನ್ನ ಕಸುಬು ಮಿಮಿಕ್ರಿ. ಆರ್ಕೆಸ್ಟ್ರಾದ ಗಾಯಕಿ ಸೀರೆ ಬದಲಿಸಿ ಬರುವ ತನಕ ಹತ್ತು ನಿಮಿಷ ನನ್ನನ್ನು ವೇದಿಕೆಗೆ ಬಿಡುತ್ತಾರೆ. ಗಾಯಕಿ ಬೇಗ ಬಂದರೆ ಐದೇ ನಿಮಿಷ. ಇತ್ತೀಚೆಗೆ ಮೊಬೈಲಿಗೂ ವಿಡಿಯೊ ಮಾಡುತ್ತೇನೆ. ಬ್ರಿಟಿಷ್ ದೊರೆಯ ಗತ್ತಿನಲ್ಲಿ ಬೈಯುವ ಒಂದು ವಿಡಿಯೊಗೆ ಹಿಂದುಗಡೆ ಹಾಳುಬಿದ್ದ ಕಟ್ಟಡ ಬೇಕಿತ್ತು. ಹಾಳುಬಿದ್ದದ್ದಕ್ಕೆ ಕೆಜಿಎಫ್‌ನಲ್ಲಿ ಬರವೇ?

ಮೇ ತಿಂಗಳ ಕೊನೆ. ಡೇರಿಗೆ ಹಾಲು ಹಾಕಿ ಬೆಳಗಿನ ರೈಲು ಹತ್ತಿದೆ. ಕೋರಮಂಡಲ ದಾಟಿದ ಮೇಲೆ ಬೆಟ್ಟಗಳು ಬಂದವು. ಬೆಟ್ಟವಲ್ಲ ಅವು, ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ರಾಶಿಗಳು. ಬಿಸಿಲಿಗೆ ಬೆಳ್ಳಗೆ, ಗಾಳಿ ಬಂದರೆ ತುದಿಯಲ್ಲಿ ಸಣ್ಣಗೆ ಹೊಗೆ. ನಿದ್ದೆಯಲ್ಲಿರುವ ಯಾವುದೋ ದೊಡ್ಡ ಪ್ರಾಣಿ ಉಸಿರಾಡಿದ ಹಾಗೆ ಕಂಡಿತು. ಎದುರಿಗೆ ಕೂತಿದ್ದ ಹೂವಿನವಳು "ಬಾಯ್ ಮುಚ್ಕೊಳಪ್ಪಾ, ಧೂಳ್ ಓಯ್ತೈತೆ" ಅಂದಾಗಲೇ ಬಾಯಿ ತೆರೆದಿದ್ದದ್ದು ತಿಳಿಯಿತು.

ಉರಿಗಾಂ ನಿಲ್ದಾಣದಲ್ಲಿ ಇಳಿದು ದಿಬ್ಬ ಹತ್ತಿದೆ. ಕಾರ್ಮಿಕರ ಸಾಲುಮನೆಗಳು, ಬಾಗಿಲಿಲ್ಲದ ಒಂದು ಆಫೀಸು, ಗೋಡೆಯ ಬಿರುಕಿನಿಂದ ಹೊರಗೆ ಇಣುಕುವ ಅರಳಿ ಗಿಡ. ದಿಬ್ಬದ ಮೇಲೆ ಉದ್ದನೆಯ ಹೆಂಚಿನ ಕಟ್ಟಡ. ಗಣಿಯವರು ನಾಟಕ ಆಡುತ್ತಿದ್ದ ಹಾಲ್ ಎಂದು ನಿಲ್ದಾಣದ ಎದುರಿನ ಟೀ ಅಂಗಡಿಯವನು ಹೇಳಿದ್ದ. ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಪೊರಕೆ ಹಿಡಿದು ಕೂತಿದ್ದಳು.

ನನಗೆ ಬಾಯಿ ತುರಿಸಿತು. ಎದೆ ಉಬ್ಬಿಸಿ, ಹೊಟ್ಟೆಯಿಂದ ಸ್ವರ ಎಳೆದು, "ಏನಮ್ಮಾ, ಇಲಾಖೆಯಿಂದ ಬಂದಿದ್ದೇವೆ. ಯಾರ ಸುಪರ್ದಿನಲ್ಲಿದೆ ಇದು? ಬಾಗಿಲು ತೆಗೀರಿ" ಎಂದೆ. ಚಪ್ಪಲಿಗೆ ದಾರ ಕಟ್ಟಿಕೊಂಡಿದ್ದ ಅಧಿಕಾರಿ ನಾನು.

ಅಜ್ಜಿ ನಗಲಿಲ್ಲ, ಹೆದರಲಿಲ್ಲ. ಎದ್ದು ಸೊಂಟದಿಂದ ಬೀಗದ ಕೈ ತೆಗೆದಳು. "ಬಂದ್ರಾ ಸಾಮೀ? ಇಷ್ಟ್ ದಿನಾ ಆಯ್ತಲ್ಲಪ್ಪಾ" ಅಂದಳು.

ಒಳಗೆ ಕಾಲಿಟ್ಟವನು ದೊರೆಯನ್ನೂ ಮರೆತೆ, ವಿಡಿಯೊವನ್ನೂ ಮರೆತೆ. ಒಡೆದ ಹೆಂಚುಗಳ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದು ನೆಲದ ಮೇಲೆ ದುಂಡಗೆ ಬಿದ್ದಿದ್ದವು. ಕಬ್ಬಿಣದ ಕಂಬಗಳು, ಮೇಲೆ ತೇಗದ ತೊಲೆಗಳು, ಕೊನೆಯಲ್ಲಿ ಮರದ ವೇದಿಕೆ. ಇಷ್ಟು ವರ್ಷದ ಗುಡಿಸುವಿಕೆಗೆ ಆ ಹಲಗೆ ನೀರಿನಂತೆ ಹೊಳೆಯುತ್ತಿತ್ತು. ಹತ್ತಿದರೆ ಮುಳುಗುತ್ತೇನೋ ಎನ್ನಿಸಿ ಅಂಚಿನಲ್ಲೇ ನಿಂತೆ.

ಅಜ್ಜಿ ನನ್ನ ಎದುರು ನೆಟ್ಟಗೆ ನಿಂತು ಶುರು ಮಾಡಿದಳು. "ಅನ್ನೊಂದು ಎಂಚು ಒಡ್ದೈತೆ. ಮೂರ್ನೇ ತೊಲೆ ಗೆದ್ಲು ಇಡೀತಾ ಐತೆ. ಎಡಗಡೆ ಕಿಟಕಿ ಚಿಲ್ಕ ಇಲ್ಲ. ಈ ಸಲ ಮಳೆ ಬಿದ್ರೆ ವೇದಿಕೆ ಅಲಗೆ ಕೊಳ್ತು ಓಯ್ತದೆ. ಅಷ್ಟೇ."

ಅನುಕರಿಸದೆ ಇರಲು ನನ್ನಿಂದಾಗದು. ಅವಳದೇ ಧ್ವನಿ, ಅವಳದೇ ಎಳೆತ, ಕೊನೆಯ 'ಅಷ್ಟೇ'ಗೆ ಗಲ್ಲ ಎತ್ತಿದ್ದೂ ಸೇರಿಸಿ ಒಂದಕ್ಷರ ಬಿಡದೆ ತಿರುಗಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಕೈ ಮುಗಿದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು. ಪಕ್ಕದ ಕೋಣೆಗೆ ಹೋಗಿ ಚೀಲಕ್ಕೆ ಸೀರೆ ತುಂಬತೊಡಗಿದಳು.

"ಎಲ್ಲಿಗಜ್ಜಿ?"

"ಮಾಲೂರ್ಗೆ. ಮಗ್ಳು ಎಂಚಿನ ಕಾರ್ಖಾನೇಲಿ ಅವ್ಳೆ. ಅವ್ಳ ಮನೇಲಿ ಇದ್ಬುಡ್ತೀನಿ. ನಂದು ಪಾಳಿ ಮುಗೀತಲ್ಲ."

ಅವಳ ಹೆಸರು ಕನ್ನಿಯಮ್ಮ. ಗಂಡ ಗಣಿಯೊಳಗೆ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದ. ಅಲ್ಲಿ ಮುಂದಿನ ಪಾಳಿಯವನು ಬಾರದೆ ಯಾರೂ ಜಾಗ ಬಿಡುವಂತಿರಲಿಲ್ಲವಂತೆ. ಬಂದವನ ಎದುರು ಏನೇನು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಬೇಕು, ಅವನು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳಿದ ಎಂದರೆ ಪಾಳಿ ಅವನದು. ಗಣಿ ಮುಚ್ಚಿದಾಗ ಗಂಡನ ಕೈಗೆ ಈ ಹಾಲ್‌ನ ಬೀಗದ ಕೈ ಕೊಟ್ಟು, ಯಾರಾದರೂ ಬರುತ್ತಾರೆ ಎಂದಿದ್ದರು. ಯಾರೂ ಬರಲಿಲ್ಲ. ಗಂಡ ಹೋದ. ಪಾಳಿ ಇವಳಿಗೆ ಬಂತು.

"ಅಜ್ಜೀ, ನಾನು ಇಲಾಖೆಯವನಲ್ಲ. ಸುಮ್ಮನೆ ತಮಾಷೆಗೆ..." ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವಳ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಆಮೇಲೆ, "ತಿರ್ಗಿ ಏಳ್ದೋನು ಯಾರು?" ಅಂದಳು.

"ನಾನೇ."

"ಆಪೀಸರ್ ಆಗ್ಬೇಕು ಅಂತ ನಾನ್ ಕೇಳಿದ್ನಾ? ತಿರ್ಗಿ ಏಳ್ಬೇಕು, ಅಷ್ಟೇ."

ಅವಳಿಗೆ ಬೇಕಾಗಿದ್ದು ಮಳೆಗೆ ಮುಂಚೆ ಹನ್ನೊಂದು ಹೆಂಚು. ಮಾಲೂರಿನಲ್ಲಿ ಮಗಳು ತೆಗೆದಿರಿಸಿದ್ದಳು. ಇವಳು ತರಲು ಹೋಗುವಂತಿರಲಿಲ್ಲ. ಒಂದು ರಾತ್ರಿ ಬಾಗಿಲಲ್ಲಿ ಯಾರೂ ಇಲ್ಲವೆಂದರೆ ತೇಗ ಬಿಚ್ಚಿಕೊಂಡು ಹೋಗುವವರಿದ್ದರು. ಪಕ್ಕದ ಆಫೀಸಿನ ಬಾಗಿಲು ಹೋಗಿದ್ದೂ ಹಾಗೆಯೇ.

"ಇವತ್ ಓಗಿ ನಾಳೆ ಬತ್ತೀನಿ. ಅಲ್ಲೇ ಇರೋ ಆಸೆ ಬುಟ್ಟೆ. ನೀನ್ ಇರ್ತೀಯಾ?" ಎಂದವಳು ನನ್ನ ಫೋನು ಕಸಿದುಕೊಂಡು, ಅಮ್ಮನ ನಂಬರು ಒತ್ತಿಸಿದಳು. "ಏನಮ್ಮಾ, ನಿನ್ ಮಗ ಕಳ್ಳನಾ?"

ಅಮ್ಮನ ದನಿ ನನಗೂ ಕೇಳಿಸಿತು. "ಕಳ್ಳ ಅಲ್ಲಕ್ಕಾ, ಕೋತಿ. ಏನ್ ಮಾಡ್ದ ಬೇವರ್ಸಿ?"

"ಕೋತಿ ಆದ್ರೆ ಒಳ್ಳೇದೇ. ಎಂಚಿನ್ ಮೇಲ್ ಅತ್ತಿಸ್ಬೋದು" ಎಂದು ಕನ್ನಿಯಮ್ಮ ಫೋನು ಹಿಂದಿರುಗಿಸಿದಳು. ಮಧ್ಯಾಹ್ನದ ರೈಲಿಗೆ ಹೊರಟೇಬಿಟ್ಟಳು.

ಪ್ರವಾಸಿ ಉಳಿದ, ಊರಿನವಳು ಪ್ರಯಾಣ ಹೊರಟಳು. ಅವಳಿಟ್ಟು ಹೋದ ಮುದ್ದೆ, ಹುರುಳಿಸಾರು ಉಂಡು ವೇದಿಕೆಯ ಮೇಲೆ ಮಲಗಿದೆ. ಬಿಸಿಲಿನ ದುಂಡುಗಳು ಮೆಲ್ಲಗೆ ಹಲಗೆ ದಾಟಿ ನನ್ನ ಹೊಟ್ಟೆಯ ಮೇಲೆ ಹತ್ತಿ, ಇಳಿದು, ಗೋಡೆಗೆ ಹೋದವು. ಎಣಿಸಿದೆ, ಹನ್ನೊಂದೇ. ನಿದ್ದೆಯೋ ಎಚ್ಚರವೋ, ಕೆಳಗೆಲ್ಲ ಜನ ಕೂತಂತೆ, ಬೆವರಿನ, ಬೀಡಿಯ, ಮಲ್ಲಿಗೆಯ ವಾಸನೆ ಬಂದಂತೆ, ಯಾರೋ ಬಣ್ಣ ಹಚ್ಚಿಕೊಂಡು ನನ್ನ ಪಕ್ಕದಲ್ಲೇ ದಾಟಿದಂತೆ ಇತ್ತು. ನನ್ನ ಕಂಠದಲ್ಲಿ ಎಷ್ಟೋ ಮಂದಿಯ ದನಿ ಇದೆ. ಆ ಹಾಲ್‌ನ ದನಿ ಮಾತ್ರ ಸಿಗಲಿಲ್ಲ. ಬಾಯಿ ತೆರೆದರೆ ಪಾರಿವಾಳದ ರೆಕ್ಕೆಯ ಸದ್ದಷ್ಟೇ ಮರಳಿ ಬರುತ್ತಿತ್ತು.

ಹೊತ್ತು ಮುಳುಗುವಾಗ ಹೊರಗೆ ಆಟೊ ನಿಂತಿತು. ಇಬ್ಬರು ಇಳಿದರು, ಒಬ್ಬನ ಕೈಯಲ್ಲಿ ಹಾರೆ. ಒಳಗಿನಿಂದಲೇ ಅಧಿಕಾರಿಯ ಗಂಟಲಲ್ಲಿ ಗುಡುಗಿದೆ. "ಯಾರದು? ಪರ್ಮಿಷನ್ ಎಲ್ಲಿ?"

ಹಾರೆಯವನು ಬಿದ್ದು ಬಿದ್ದು ನಕ್ಕ. "ಯಾರುಡಾ ನೀ? ಆರ್ಕೆಸ್ಟ್ರಾದಲ್ಲಿ ನಾಯಿ ತರ ಬೊಗುಳ್ತೀಯಲ್ಲ, ನೀನೇ ತಾನೆ?"

ಬದುಕಿನಲ್ಲಿ ಮೊದಲ ಸಲ ಅಭಿಮಾನಿ ಸಿಕ್ಕ, ಅವನ ಕೈಯಲ್ಲಿ ಹಾರೆ. ಬಾಗಿಲಿಗೆ ಬಂದು ನಿಂತೆ.

"ಅಜ್ಜಿ ಎಲ್ಲಿ?"

"ಮಾಲೂರಿಗೆ ಹೋಗಿದ್ದಾಳೆ. ಪಾಳಿ ನನ್ನದು."

"ಯಾರ್ ಕೊಟ್ಟಿದ್ದು?"

"ಅವಳೇ ಒಪ್ಪಿಸಿದಳು. ನಾನು ತಿರುಗಿ ಹೇಳಿದ್ದೇನೆ."

ಅವನ ನಗು ಇಳಿಯಿತು. ಜೊತೆಗಿದ್ದವನು ತಮಿಳಿನಲ್ಲಿ ಏನೋ ಗೊಣಗಿದ. ಹಾರೆಯವನು ಬಾಗಿಲಿಗೆ ಊರಿದ್ದ ಕೈ ತೆಗೆದ. "ನಮ್ಮಪ್ಪನೂ ಗಣೀಲಿದ್ದೋನೇ" ಎಂದು ಯಾರಿಗೆಂದಿಲ್ಲದೆ ಹೇಳಿದ. "ಅಜ್ಜಿ ಬರೋಗಂಟ ಇರ್ತೀಯಾ?"

"ಇರ್ತೀನಿ."

"ಸರಿ, ಇರು." ಆಟೊ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತೆ. ಅಜ್ಜಿಯ ಪೊರಕೆ ತೊಡೆಯ ಮೇಲಿಟ್ಟುಕೊಂಡು ಬೆಳಗಾಗುವ ತನಕ ಕಾವಲು ಕಾದೆ.

ಮರುದಿನ ಮಧ್ಯಾಹ್ನ ಕನ್ನಿಯಮ್ಮ ಬಂದಳು. ಬಂಗಾರಪೇಟೆ ತನಕ ಅಳಿಯ ಬಂದು ಹೆಂಚಿನ ಚೀಲಗಳನ್ನು ರೈಲಿಗೆ ಏರಿಸಿಕೊಟ್ಟಿದ್ದ. ಟೀ ಅಂಗಡಿಯ ಸೈಕಲ್ಲಿನಲ್ಲಿ ಅವನ್ನು ದಿಬ್ಬಕ್ಕೆ ನೂಕಿಕೊಂಡು ಬಂದೆ. ಎರವಲು ತಂದ ಏಣಿ ಹತ್ತಿದವನು ನಾನು, ಕೆಳಗಿನಿಂದ ಬೈದವಳು ಅವಳು. "ಲೇ, ಅಂಗಲ್ಲಲಾ! ಮೂತಿ ಆ ಕಡೆ ಇರ್ಲಿ! ಕಣ್ ಕಾಣ್ತದಾ ಇಲ್ವಾ ನಿಂಗೆ?" ಹೊಸ ಹೆಂಚು ಹಳೆಯದಕ್ಕಿಂತ ಒಂದು ಬೆರಳು ಗಿಡ್ಡ. ಕಪ್ಪು ಸೂರಿನ ನಡುವೆ ಹನ್ನೊಂದು ಕೆಂಪು ಹೆಂಚು, ಅಷ್ಟೂ ಸೊಟ್ಟಗೆ. ಮೇಲಿನಿಂದ ನೋಡಿದರೆ ಬಿಳಿ ದಿಬ್ಬಗಳ ಆಚೆ ಮೋಡ ಕವುಚಿಕೊಳ್ಳುತ್ತಿತ್ತು.

ಇಳಿದು ಬಂದು ಕೆಟ್ಟಿರುವುದನ್ನೆಲ್ಲ ಒಪ್ಪಿಸಿದೆ. ತೊಲೆ, ಚಿಲಕ, ಜೊತೆಗೆ ನಾನು ಒಡೆದ ಒಂದು ಏಣಿಮೆಟ್ಟಿಲು. ಅವಳು ಎಲ್ಲವನ್ನೂ ತಿರುಗಿ ಹೇಳಿ, ಕೊನೆಗೆ ನನ್ನ ಹಾಗೆಯೇ ತಲೆ ಕೆರೆದುಕೊಂಡು ತೋರಿಸಿದಳು. ನನಗಿಂತ ಚೆನ್ನಾಗಿ ಮಾಡಿದಳು.

ಅವಳ ಡಬ್ಬಾ ಫೋನಿಗೆ ನನ್ನ ನಂಬರು ಹಾಕಿಕೊಟ್ಟು ಸಂಜೆಯ ರೈಲು ಹತ್ತಿದೆ. ಕೋರಮಂಡಲ ಮುಟ್ಟುವಷ್ಟರಲ್ಲಿ ಮಳೆ ಅಪ್ಪಳಿಸಿತು. ಬೋಗಿಯವರೆಲ್ಲ ಕಿಟಕಿ ಎಳೆದುಕೊಂಡರು. ನನ್ನ ಫೋನು ಬಡಿದುಕೊಂಡಿತು.

"ಎರಡು ಸೋರ್ತಾ ಐತೆ ಕಣ್ಲಾ" ಅಂದಳು ಕನ್ನಿಯಮ್ಮ. ಹಿಂದೆ ಹೆಂಚಿನ ಮೇಲೆ ಮಳೆಯ ಮೊರೆತ. "ಒಂಬತ್ತು ಸುಮ್ಕೈತೆ."

"ವೇದಿಕೆ ಮೇಲೆ?"

"ಬಾಗ್ಲತ್ರ ಸೋರ್ತಿರೋದು, ಬಕೆಟ್ ಇಟ್ಟಿವ್ನಿ. ವೇದಿಕೆ ಮೇಲ್ ನಾನೇ ಕುಂತಿವ್ನಿ."

"ಭಾನುವಾರ ಬತ್ತೀನಿ. ಏಣಿ ವಾಪಸ್ ಕೊಡಬೇಡ."

"ಬರ್ತಾ ಚಿಲ್ಕ ತತ್ತಾ" ಎಂದು ಇಟ್ಟಳು.

ಕಿಟಕಿ ಸ್ವಲ್ಪ ಎತ್ತಿ ಹಿಂದಿರುಗಿ ನೋಡಿದೆ. ದಿಬ್ಬಗಳಿಲ್ಲ, ಸಾಲುಮನೆಗಳಿಲ್ಲ, ಹಾಲ್ ಇಲ್ಲ, ಎಲ್ಲವೂ ಮಳೆಯಲ್ಲಿ ಬೆಳ್ಳಗೆ ಕರಗಿತ್ತು. ಆ ಬಿಳಿಯೊಳಗೆ ಎಲ್ಲೋ ಒಂದು ಮರದ ನೆಲ ಒಣಗಿಯೇ ಇತ್ತು.